ಟೈಮ್ ಸಾರ್ ಓಡದ ಹತ್ತು ಕಿಲೋಮೀಟರ್

ಅವರ ಹೆಸರು ನಮ್ಮ ಫ್ಯಾಕ್ಟರಿಯಲ್ಲಿ ಅರ್ಧಕ್ಕರ್ಧ ಜನಕ್ಕೆ ಗೊತ್ತಿರಲಿಲ್ಲ. ಟೈಮ್ ಸಾರ್ ಅಂದರೆ ಸಾಕಿತ್ತು. ಪೀಣ್ಯ ಎರಡನೇ ಹಂತದಲ್ಲಿ ನಮ್ಮ ಗೇಟು ದಾಟಿದ ತಕ್ಷಣ ಎಡಗಡೆ ಟೈಮ್ ಆಫೀಸು ಅಂತ ಒಂದು ಸಣ್ಣ ರೂಮು, ಅದಕ್ಕೊಂದು ಕಂಬಿ ಕಿಟಕಿ, ಕಿಟಕಿ ಹಿಂದೆ ಅವರು. ಮೂವತ್ತು ವರ್ಷ ಅಲ್ಲೇ ಕೂತಿದ್ದರು. ಹೋದ ಮಳೆಗಾಲದಲ್ಲಿ ತೀರಿಕೊಂಡರು. ರಿಟೈರ್ ಆಗೋದಕ್ಕೆ ಇನ್ನು ಹತ್ತು ತಿಂಗಳಿತ್ತು. ಒಳ್ಳೆಯವರು, ಮೃದು ಸ್ವಭಾವದವರು ಅಂತೆಲ್ಲ ಕ್ಯಾಂಟೀನಿನಲ್ಲಿ ಸಭೆ ಮಾಡಿ ಹೇಳಿದ್ದಾಯಿತು. ನಾನೂ ಮೈಕ್ ಹಿಡಿದು ಹೇಳಿದೆ. ಅವತ್ತು ನಾನು ಹೇಳಿದ್ದು ಪೂರ್ತಿ ಅಲ್ಲ, ಅದಕ್ಕೇ ಈಗ ಬರೆಯೋಕೆ ಕೂತಿದ್ದೀನಿ.

ತಡವಾಗಿ ಬಂದವರನ್ನು ಅವರು ಬೈದಿದ್ದನ್ನು ನಾನು ನೋಡಿಲ್ಲ. ಎರಡೂ ಅಂಗೈಯನ್ನು ಕಿಟಕಿ ಕಟ್ಟೆಯ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು, ಬಂದವನ ಮುಖ ನೋಡಿ, "ಏಳು ಅನ್ನೊಂದು" ಅನ್ನೋರು. ಅಷ್ಟೇ. ಅವರದು ಮಾದನಾಯಕನಹಳ್ಳಿ ಹತ್ತಿರದ ಊರು, ಹಕಾರ ಅವರ ಬಾಯಿಗೆ ಒಗ್ಗಿರಲಿಲ್ಲ. ನಮ್ಮ ಶಿಫ್ಟು ಏಳಕ್ಕೆ. ಬಸ್ಸು ಸಿಗಲಿಲ್ಲ, ಜಾಲಹಳ್ಳಿ ಕ್ರಾಸಲ್ಲಿ ಜಾಮು, ಮಗುಗೆ ಜ್ವರ, ನೀವು ಏನು ಬೇಕಾದರೂ ಹೇಳಿ, ಪೂರ್ತಿ ಕೇಳಿಸಿಕೊಂಡು ತಲೆ ಆಡಿಸಿ, "ಏಳು ಅನ್ನೆರಡು" ಅನ್ನೋರು. ನೀವು ಮಾತಾಡಿದ್ದಕ್ಕೆ ಒಂದು ನಿಮಿಷ ಹೋಗಿರುತ್ತಲ್ಲ, ಅದೂ ಲೆಕ್ಕಕ್ಕೆ. ಮ್ಯಾನೇಜರ್ ಕೂಗಾಡಿದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಇವರು ಟೈಮ್ ಹೇಳಿದರೆ ಮಾತ್ರ ಇಡೀ ಬೆಳಿಗ್ಗೆ ಮನಸ್ಸು ಕೆಟ್ಟು ಹೋಗುತ್ತಿತ್ತು.

ಎರಡು ವರ್ಷದ ಹಿಂದೆ ಮುಖ ನೋಡಿ ಹಾಜರಿ ಹಾಕೋ ಮಷೀನು ಬಂತು. ಅವರ ಅರ್ಧ ಕೆಲಸ ಹೋಯಿತು. ಉಳಿದಿದ್ದು ಬ್ಯಾಗು ಮತ್ತು ಮೊಬೈಲು. ಮಷೀನುಗಳಿರೋ ಶಾಪಿನ ಒಳಗೆ ನಮ್ಮಲ್ಲಿ ಅವೆರಡನ್ನೂ ಬಿಡಲ್ಲ. ಕಿಟಕಿಯಲ್ಲಿ ಕೊಟ್ಟು, ನಂಬರ್ ಕೊರೆದ ಹಿತ್ತಾಳೆ ಬಿಲ್ಲೆ ಈಸಿಕೊಂಡು ಒಳಗೆ ಹೋಗಬೇಕು, ಸಂಜೆ ಬಿಲ್ಲೆ ಕೊಟ್ಟರೆ ಸಾಮಾನು ವಾಪಸ್ಸು. ಬೇರೆ ಕಡೆ ಬಿಲ್ಲೆ ಯಾರು ತಂದರೂ ಸಾಮಾನು ಕೊಟ್ಟು ಕಳಿಸ್ತಾರೆ. ಟೈಮ್ ಸಾರ್ ಹತ್ತಿರ ಅದು ನಡೆಯುತ್ತಿರಲಿಲ್ಲ. ಇಟ್ಟವನೇ ಬರಬೇಕು, ಅವನ ಕೈಗೇ ಹೋಗಬೇಕು.

ಒಂದು ಸಲ ನನಗೆ ಶಿಫ್ಟಿನ ಮಧ್ಯೆ ಜ್ವರ ಏರಿ ಕಂಪನಿ ವ್ಯಾನಲ್ಲೇ ಮನೆಗೆ ಬಿಟ್ಟರು. ಸಂಜೆ ಬ್ಯಾಗ್ ತರೋಕೆ ಸ್ನೇಹಿತನ ಕೈಯಲ್ಲಿ ಬಿಲ್ಲೆ ಕಳಿಸಿದರೆ ಇವರು ಕೊಡಲಿಲ್ಲ, ಅವನು ಬರೀ ಬಿಲ್ಲೆ ವಾಪಸ್ ತಂದ. ಏನು ಮನುಷ್ಯನಪ್ಪ ಅಂತ ಮಲಗಿದಲ್ಲೇ ಬೈದುಕೊಂಡೆ. ಎಂಟು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಎರಡು ಬಸ್ಸು ಹತ್ತಿ ಇಳಿದು ಬ್ಯಾಗ್ ಹಿಡಿದು ಅವರೇ ಬಂದಿದ್ದರು. ನನ್ನ ಹೆಂಡತಿ ಕೈ ಚಾಚಿದರೆ ಅವಳಿಗೂ ಕೊಡಲಿಲ್ಲ. "ಅವನೆಲ್ಲಿ ತಾಯಿ?" ಅಂತ ಕೇಳಿ, ನಾನು ಮಲಗಿದ್ದ ಕಡೆ ಬಂದು, ನನ್ನ ಕೈಗೆ ಬ್ಯಾಗ್ ಮುಟ್ಟಿಸಿ, ಬಿಲ್ಲೆ ಈಸಿಕೊಂಡು ಹೊರಟರು. ಕಾಫಿ ಕುಡೀರಿ ಅಂದರೂ ನಿಲ್ಲಲಿಲ್ಲ. ಹೆಂಡತಿ ಒಂದು ವಾರ ಅದನ್ನೇ ಹೇಳಿಕೊಂಡು ನಗುತ್ತಿದ್ದಳು.

ಯಾಕೆ ಸಾರ್ ಇಷ್ಟು ಹಟ ಅಂತ ಆಮೇಲೊಂದು ದಿನ ಕೇಳಿದೆ. ಹೇಳಿದರು. "ಬಾಳ ಇಂದೆ ಒಬ್ಬ ಉಡ್ಗ ಚೀಲ ಇಟ್ಟಿದ್ದ. ಮಧ್ಯಾನ ಅವನ ಅಣ್ಣ ಅಂತ ಒಬ್ಬ ಬಂದ, ಬಿಲ್ಲೆ ತಂದಿದ್ದ, ಕೊಟ್ಬಿಟ್ಟೆ. ಒಳಗೆ ಮಾರ್ಕ್ಸ್ ಕಾರ್ಡು, ಐಟಿಐ ಸರ್ಟಿಫಿಕೇಟು, ಎಲ್ಲಾ ಒರಿಜಿನಲ್ಲು. ಮಾರನೇ ದಿನ ಸರ್ಕಾರಿ ಕಾರ್ಖಾನೇಲಿ ಅವನಿಗೆ ಇಂಟರ್ವ್ಯೂ ಇತ್ತು. ಅಣ್ಣತಮ್ಮಂದಿರಿಗೆ ಜಮೀನ್ ಜಗಳ ಅಂತ ನನಗೇನು ಗೊತ್ತು?"

"ಆಮೇಲೆ?"

"ಆಮೇಲೇನು. ಚೀಲ ಸಿಗ್ಲಿಲ್ಲ, ಇಂಟರ್ವ್ಯೂ ಓಯ್ತು. ಆ ಉಡ್ಗ ನನ್ನ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಇನ್ನು ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಮೊದಲಿಂದಲೂ ಪುಕ್ಕಲ. ಕಾರಿನ ಲೈಸೆನ್ಸಿನ ಟೆಸ್ಟಿಗೆ ಎರಡು ಸಲ ಹೋಗಿ ಗೇಟಿಂದಲೇ ವಾಪಸ್ ಬಂದವನು. ಸೂಪರ್ವೈಸರ್ ಕೆಲಸಕ್ಕೆ ಇಂಟರ್ವ್ಯೂ ಕರೆದಾಗ ಹೊಟ್ಟೆನೋವು ಅಂತ ರಜಾ ಹಾಕಿದವನು. ಮಷೀನಿಂದ ಬಂದ ಪಾರ್ಟುಗಳಿಗೆ ಗೇಜು ಹಾಕಿ, ಇದು ಸರಿ ಇದು ತಪ್ಪು ಅಂತ ಬೇರೆ ಮಾಡೋದು ನನ್ನ ಉದ್ಯೋಗ. ಬೇರೆಯವರ ಕೆಲಸ ಎಷ್ಟು ಬೇಕಾದರೂ ಅಳೆಯುತ್ತೀನಿ. ನನ್ನನ್ನು ಯಾರಾದರೂ ಅಳೆಯೋಕೆ ನಿಂತರೆ ಕೈಕಾಲು ಆಡಲ್ಲ. ನಲವತ್ತು ದಾಟಿದ ಮೇಲೆ ಸಕ್ಕರೆ ಬಾರ್ಡರಿಗೆ ಬಂದು ನಿಂತಿದೆ, ಓಡಾಡಿ ಅಂತ ಡಾಕ್ಟರು ಹೇಳಿದ್ದನ್ನು ಕಿಟಕಿ ಹತ್ತಿರ ಯಾವತ್ತೋ ಬಾಯಿಬಿಟ್ಟಿದ್ದೆ. ಅವರು ಮರೆತಿರಲಿಲ್ಲ.

ಹೋದ ಚಳಿಗಾಲದಲ್ಲಿ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದರು. ತುಮಕೂರು ರಸ್ತೆಯ ಒಂದು ದೊಡ್ಡ ಮೈದಾನದಿಂದ ಸಾರ್ವಜನಿಕ ಓಟ, ಐದು ಮತ್ತು ಹತ್ತು ಕಿಲೋಮೀಟರ್, ಫ್ಯಾಕ್ಟರಿ ಕಡೆಯಿಂದ ಹೆಸರು ಕೊಡಬಹುದು. ಏಳೆಂಟು ಜನ ಟೀಶರ್ಟ್ ಆಸೆಗೆ ಐದಕ್ಕೆ ಹೆಸರು ಕೊಟ್ಟರು. ನಾನು ಆ ಹಾಳೆ ಕಡೆ ಕತ್ತು ತಿರುಗಿಸದೆ ಬಂದಿದ್ದೆ. ಸಂಜೆ ಬಿಲ್ಲೆ ಕೊಟ್ಟಾಗ ಟೈಮ್ ಸಾರ್, "ನಿಂದು ಬರದಿದೀನಿ. ಅತ್ತು ಕಿಲೋಮೀಟ್ರು" ಅಂದರು.

"ಸಾರ್, ನಾನು ಬಸ್ಸಿಗೂ ಓಡಲ್ಲ."

"ನಂದೂ ಬರದಿದೀನಿ. ಅತ್ತಕ್ಕೆ ನಾವಿಬ್ರೇ."

ಆಗ ಅವರಿಗೆ ಐವತ್ತೇಳು ನಡೆಯುತ್ತಿತ್ತು. ಮಾರನೇ ಸೋಮವಾರದಿಂದ ಬೆಳಿಗ್ಗೆ ಐದೂವರೆಗೆ ಗೇಟಿನ ಹತ್ತಿರ ಸೇರಿ ಪೀಣ್ಯದ ಕ್ರಾಸುಗಳಲ್ಲಿ ಓಡೋಕೆ ಶುರು ಮಾಡಿದೆವು. ಓಟ ಅನ್ನಬಾರದು ಅದನ್ನು. ಸಾಲಾಗಿ ನಿಂತ ಲಾರಿಗಳ ಪಕ್ಕದಲ್ಲಿ, ಫುಟ್‌ಬೋರ್ಡಿನ ಮೇಲೆ ಕೂತು ಹಲ್ಲುಜ್ಜೋ ಡ್ರೈವರುಗಳ ಮುಂದೆ, ಪೇಂಟಿನ ವಾಸನೆ ಕುಡಿಯುತ್ತಾ ನಾಲ್ಕು ಹೆಜ್ಜೆ ಓಡೋದು, ಹತ್ತು ಹೆಜ್ಜೆ ನಡೆಯೋದು. ನಾಯಿಗಳು ಮೊದಲ ವಾರ ಅಟ್ಟಿಸಿಕೊಂಡು ಬಂದವು, ಎರಡನೇ ವಾರ ಅವಕ್ಕೂ ಬೇಜಾರಾಗಿ ಮಲಗಿದಲ್ಲೇ ನೋಡುತ್ತಿದ್ದವು. ಟೈಮ್ ಸಾರ್ ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು, ಕಾಲರ್ ಒಳಗೆ ಕರ್ಚೀಫು ಸಿಕ್ಕಿಸಿಕೊಂಡು ಬರೋರು. ಆಗಾಗ ಲೈಟ್ ಕಂಬ ಹಿಡಿದು ನಿಂತು ವಾಚು ನೋಡೋರು. ಟೈಮ್ ನೋಡುತ್ತಿದ್ದಾರೆ ಅಂದುಕೊಂಡಿದ್ದೆ. ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯೋದೇ ನನ್ನ ಕಸುಬು, ಅವರು ಕಂಬ ಯಾಕೆ ಹಿಡಿಯುತ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ.

ಫ್ಯಾಕ್ಟರಿಗೆ ಹೊಸ ಬ್ಯಾಚು ಬಂದಾಗಲೆಲ್ಲ ಅವರು ಒಂದು ಕಥೆ ಹೇಳೋರು. ಇಪ್ಪತ್ತೆರಡು ವಯಸ್ಸಲ್ಲಿ ಅವರು ಒಂದು ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ದಿನಗೂಲಿಗೆ ಇದ್ದರಂತೆ. ಓಟ ಚೆನ್ನಾಗಿ ಓಡುತ್ತಾನೆ ಅಂತ ಒಬ್ಬ ಆಫೀಸರು ಕಾರ್ಖಾನೆಗಳ ನಡುವಿನ ಪಂದ್ಯಕ್ಕೆ ಹೆಸರು ಕೊಟ್ಟರು. ಮೊದಲ ಮೂರರಲ್ಲಿ ಬಂದರೆ ಆಟಗಾರರ ಕೋಟಾದಲ್ಲಿ ಖಾಯಂ ಕೆಲಸ. ಅದು ಅವರ ಜೀವನದ ಮೊದಲ ಪಂದ್ಯ. "ಗೆರೆ ಅತ್ರ ನಿಂತೆ, ಒಟ್ಟೆ ಗುಡುಗುಡು ಅಂತು. ಒಂದ್ನಿಮಿಷ ಸಾ ಅಂತ ಕಕ್ಕಸಿಗೆ ಓದೆ. ಗುಂಡು ಒಡೆದಾಗ ನಾನು ಒಳಗೆ ಕುಂತಿದ್ದೆ. ಈಚೆಗೆ ಬರೋಕೆ ಎದ್ರಿಕೆ. ಆ ಸಾಹೇಬ್ರು ನನ್ನ ಎಸ್ರು ಕೂಗ್ತಾ ಮೈದಾನ ಎಲ್ಲ ಉಡುಕ್ತಾವ್ರೆ, ನಾನು ಉಸ್ರು ಬಿಡ್ದೆ ಕುಂತಿದೀನಿ." ಹುಡುಗರು ಬಿದ್ದು ಬಿದ್ದು ನಗೋರು. ಅವರೂ ನಗೋರು. ಮೂವತ್ತು ವರ್ಷ ಅದೇ ಕಥೆ ಅದೇ ಮಾತಿನಲ್ಲಿ ಹೇಳಿದ್ದಾರೆ.

ಓಟಕ್ಕೆ ಇನ್ನು ಒಂದು ವಾರ ಇದೆ ಅನ್ನುವಾಗ ನನಗೆ ಊಟ ಸೇರದಂತಾಯಿತು. ಸಾವಿರಾರು ಜನ, ಎದೆಗೆ ನಂಬರು, ಅಕ್ಕಪಕ್ಕ ದುಬಾರಿ ಶೂ ಹಾಕಿಕೊಂಡವರು, ಕೊನೆಗೆ ನಾನೊಬ್ಬನೇ ರಸ್ತೆಯಲ್ಲಿ ಉಳಿದು ಹಿಂದೆ ಆಂಬುಲೆನ್ಸು ಬರುತ್ತಿರೋದು, ಬರೀ ಇದೇ ಕಣ್ಣಮುಂದೆ. ಶಿಫ್ಟು ಮುಗಿಸಿ ಕಿಟಕಿಗೆ ಹೋಗಿ ನನ್ನ ಹೆಸರು ತೆಗೆಸಿಬಿಡಿ ಅಂದೆ.

"ಏನಾಗ್ತದೆ?" ಅಂದರು, ಅಂಗೈ ಎರಡೂ ಕಟ್ಟೆಯ ಮೇಲೆ.

"ರಾತ್ರಿ ನಿದ್ದೆ ಇಲ್ಲ ಸಾರ್. ಅಲ್ಲಿಗೆ ಹೋದರೆ ಓಡಿಹೋಗ್ತೀನಿ, ಗ್ಯಾರಂಟಿ."

"ಎದ್ರಿಕೆ ಬಂದೇ ಬರ್ತದೆ ಕಣಪ್ಪ. ಅದನ್ನ ಗೇಟಲ್ಲಿ ತಡೀಬ್ಯಾಡ. ತಡೆದ್ರೆ ಅಲ್ಲೇ ನಿಂತು ಗಲಾಟೆ ಮಾಡ್ತದೆ. ಬಾರಪ್ಪ ಅಂತ ಒಳಕ್ಕೆ ಬಿಡು. ಒಳಗೆ ಬಂದ್ಮೇಲೆ ಅದುಕ್ಕೂ ಕೆಲ್ಸ ಐತೆ, ಕಾಲಿಗೆ ಓಗಿ ಸೇರ್ಕೊಂತದೆ."

"ಮತ್ತೆ ನಿಮಗೆ ಯಾಕೆ ಆವತ್ತು ಸೇರಿಕೊಳ್ಳಲಿಲ್ಲ?"

"ಆವತ್ತು ನಂಗೆ ಇದನ್ನ ಏಳೋರು ಇರ್ಲಿಲ್ಲ." ಅಷ್ಟು ಹೇಳಿ ಬಿಲ್ಲೆಗಳನ್ನು ಮೊಳೆಗೆ ನೇತು ಹಾಕುತ್ತಾ ಇದ್ದರು. ಆಮೇಲೆ ನನ್ನ ಕಡೆ ತಿರುಗದೆ, "ಈ ಸಲ ಗುಂಡು ಒಡೆದಾಗ ನಾನು ಗೆರೆ ಮೇಲೆ ಇರ್ಬೇಕು. ಕಡೇಗೆ ಬಂದ್ರೂ ಚಿಂತೆ ಇಲ್ಲ, ಓಡ್ದೆ ನಡದ್ರೂ ಚಿಂತೆ ಇಲ್ಲ. ಗೆರೆ ಮೇಲೆ ಇರ್ಬೇಕು" ಅಂದರು. ಅವರ ದನಿಯಲ್ಲಿ ನಗೆ ಇರಲಿಲ್ಲ. ಇಷ್ಟು ವರ್ಷ ತಮಾಷೆ ಮಾಡಿಕೊಂಡು ಬಂದ ವಿಷಯ ಒಳಗೆ ಎಷ್ಟು ಕೊರೆದಿತ್ತು ಅಂತ ನನಗೆ ಅವತ್ತು ಗೊತ್ತಾಯಿತು. ಹೆಸರು ತೆಗೆಸೋ ಮಾತು ಮತ್ತೆ ಎತ್ತಲಿಲ್ಲ.

ಓಟದ ದಿನ ನನ್ನ ಸ್ಕೂಟರಿನಲ್ಲೇ ಇಬ್ಬರೂ ಹೋದೆವು. ಉಳಿದವರ ಐದು ಕಿಲೋಮೀಟರ್ ಏಳೂವರೆಗೆ ಇತ್ತು, ಅವರು ಆಮೇಲೆ ವ್ಯಾನಿನಲ್ಲಿ ಬರೋರು. ನಮ್ಮದು ಆರಕ್ಕೆ. ಐದಕ್ಕೇ ಅಲ್ಲಿದ್ದೆವು. ಫೋನು ಎಲ್ಲಾದರೂ ಬಿದ್ದು ಹೋದೀತು ಅಂತ ನಾನು ಮನೆಯಲ್ಲೇ ಬಿಟ್ಟಿದ್ದೆ. ಬೆನ್ನಿಗೆ ಒಂದು ಸಣ್ಣ ಬ್ಯಾಗು ಮಾತ್ರ ಇತ್ತು. ನಂಬರ್ ಚೀಟಿಯನ್ನು ಎದೆಗೆ ಪಿನ್ನು ಚುಚ್ಚಿಕೊಳ್ಳೋಕೆ ನನ್ನ ಕೈಲಾಗಲಿಲ್ಲ, ಅವರೇ ಚುಚ್ಚಿದರು. ಆಮೇಲೆ ಕಾಂಪೌಂಡ್ ಗೋಡೆ ಹತ್ತಿರ ಹೋಗಿ ವಾಂತಿ ಮಾಡಿಕೊಂಡೆ. ಬೆನ್ನು ಸವರಿದರು. ಬ್ಯಾಗ್ ಇಡೋ ಕೌಂಟರಿನ ಸಾಲಲ್ಲಿ ನಿಲ್ಲೋಕೆ ಆಗದೆ ನಾನು ಅತ್ತಿಂದಿತ್ತ ಇತ್ತಿಂದತ್ತ ನಡೆಯುತ್ತಲೇ ಇದ್ದೆ, ಅವರೂ ಜೊತೆಗೆ ನಡೆದರು. ಕೊನೆಗೆ ಹೋದಾಗ ಕೌಂಟರು ಮುಚ್ಚಿತ್ತು.

"ಕೊಡಿಲ್ಲಿ" ಅಂದರು. "ನಾನೆಂಗೂ ನಿಧಾನ. ಬೆನ್ನಿಗಾಕ್ಕೊಂಡು ಓಡ್ತೀನಿ."

ಕೊಟ್ಟೆ. ಅಭ್ಯಾಸಬಲದಿಂದ ಬಿಲ್ಲೆಗೆ ಅಂತ ಕೈ ಚಾಚಿದೆ. ಇಬ್ಬರಿಗೂ ನಗು ಬಂತು.

ಓಟ ಶುರುವಾಗೋಕೆ ಐದು ನಿಮಿಷ ಇದೆ ಅನ್ನುವಾಗ ಗುಂಪಿನ ಒಳಗೆ ನಿಂತಿದ್ದೆವು. ನಾನು ಶೂ ಲೇಸು ಬಿಚ್ಚಿ ಕಟ್ಟುತ್ತಲೇ ಇದ್ದೆ. ಅವರ ಕಡೆ ನೋಡಿದರೆ ಅಷ್ಟು ಚಳಿಯಲ್ಲೂ ಹಣೆ ತುಂಬ ಬೆವರು. ಕಾಲರಿಂದ ಕರ್ಚೀಫು ಎಳೆದು ಒರೆಸಿಕೊಂಡು, "ಒಂದ್ನಿಮಿಷ ಬಂದೆ" ಅಂದರು. ಅವರು ಕೈ ತೋರಿಸಿದ ಕಡೆ ಸಾಲಾಗಿ ಕಕ್ಕಸಿನ ಡಬ್ಬಿಗಳಿದ್ದವು. ಪಕ್ಕದಲ್ಲಿ ಡಾಕ್ಟರುಗಳ ಬಿಳಿ ಟೆಂಟು ಇತ್ತು. ಟೆಂಟು ನನ್ನ ತಲೆಗೆ ಹೋಗಲಿಲ್ಲ.

"ಸಾರ್, ಈಗ ಎಲ್ಲಿಗೆ ಹೋಗ್ತೀರಾ?"

"ನೀನು ಓಡು. ನಂಗೆ ಕಾಯ್ಬ್ಯಾಡ. ಅದನ್ನ ಒಳಕ್ಕೆ ಬಿಡು, ತಡೀಬ್ಯಾಡ." ಜನರನ್ನು ಪಕ್ಕಕ್ಕೆ ಸರಿಸುತ್ತಾ, ನನ್ನ ಬ್ಯಾಗು ಬೆನ್ನಿಗೆ ಹಾಕಿಕೊಂಡೇ ಹೋದರು.

ಅವರ ಹಿಂದೆ ಹೋಗಬೇಕು ಅಂತ ಅನ್ನಿಸಿದ್ದು ನಿಜ. ಅದು ಕಾಳಜಿಯಿಂದ ಅಲ್ಲ, ಅದೇ ನೆಪದಲ್ಲಿ ನಾನೂ ತಪ್ಪಿಸಿಕೊಳ್ಳಬಹುದಿತ್ತು. ಅಷ್ಟರಲ್ಲಿ ಮೈಕಿನಲ್ಲಿ ಹತ್ತು, ಒಂಬತ್ತು, ಎಂಟು ಅಂತ ಎಣಿಸೋಕೆ ಶುರು ಮಾಡಿದರು. ಹಿಂದಿನವರು ನೂಕಿದರು, ನಾನು ಗೆರೆ ದಾಟಿಬಿಟ್ಟೆ. ಮೊದಲ ಕಿಲೋಮೀಟರ್ ಎದೆ ಬಾಯಿಗೆ ಬಂದಿತ್ತು. ಎರಡನೆಯದರಲ್ಲಿ ಅವರು ಹೇಳಿದ ಹಾಗೇ ಆಯಿತು, ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ, ಕಾಲು ತಾನಾಗೇ ಹೋಗುತ್ತಿತ್ತು. ಆಗ ಅವರನ್ನು ನೆನೆಸಿಕೊಂಡೆ. ಪಾಪ, ಮತ್ತೆ ಅದೇ ಕಕ್ಕಸಿನ ಕಥೆ ಆಯಿತಲ್ಲ ಅಂದುಕೊಂಡೆ. ಮುಚ್ಚುಮರೆ ಯಾಕೆ, ಅವರಿಗೆ ಆಗದ್ದು ನನ್ನ ಕೈಲಾಯಿತು ಅಂತ ಒಳಗೊಳಗೇ ಹಿಗ್ಗಿದೆ.

ಒಂದು ಗಂಟೆ ಮೂವತ್ತೊಂದು ನಿಮಿಷ ಹಿಡಿಯಿತು. ಕೊರಳಿಗೆ ಪದಕ ಹಾಕಿದರು. ಚೌಕಟ್ಟಿನ ಒಳಗೆ ಮುಖ ಇಟ್ಟು ಫೋಟೋ ತೆಗೆಸಿಕೊಳ್ಳೋ ಕಡೆ ಸಾಲು ಇತ್ತು, ಅಲ್ಲಿ ನಿಂತೆ. ಉಪ್ಪಿಟ್ಟು ಕೊಡುತ್ತಿದ್ದರು, ಅದರ ಸಾಲಲ್ಲೂ ನಿಂತೆ. ಟೈಮ್ ಸಾರ್ ಓಡಿದ್ದರೆ ಇನ್ನೂ ಹಿಂದೆ ಇರ್ತಾರೆ, ಓಡದಿದ್ದರೆ ಎಲ್ಲೋ ಕೂತಿರ್ತಾರೆ, ಅವಸರ ಏನಿದೆ ಅಂದುಕೊಂಡು ಎರಡನೇ ಸಲವೂ ಉಪ್ಪಿಟ್ಟು ಹಾಕಿಸಿಕೊಂಡೆ. ಆಮೇಲೆ ಹುಡುಕಿಕೊಂಡು ಹೊರಟೆ.

ಅವರು ಮೈದಾನದ ಬಾಗಿಲ ಹತ್ತಿರದ ಕಟ್ಟೆಯ ಮೇಲೆ ಕೂತಿದ್ದರು, ಹೊರಗೆ ಹೋಗೋ ಪ್ರತಿಯೊಬ್ಬರೂ ಕಾಣುವ ಜಾಗದಲ್ಲಿ. ಬ್ಯಾಗು ತೊಡೆಯ ಮೇಲಿತ್ತು, ಎರಡೂ ಅಂಗೈ ಅದರ ಮೇಲೆ. ಎದೆಯ ನಂಬರು ಸುಕ್ಕಾಗಿರಲಿಲ್ಲ. ನನ್ನನ್ನು ನೋಡಿ, "ಎಂಟು ಐದು" ಅಂದರು.

ನಾನು ನಕ್ಕುಬಿಟ್ಟೆ. "ಸಾರ್, ಮುಗಿಸಿದೆ. ಎಲ್ಲೂ ನಿಲ್ಲಲಿಲ್ಲ. ನೀವು ಓಡಲೇ ಇಲ್ವಾ?"

"ಅದೇ ಅಳೇ ಕತೆ ಕಣಪ್ಪ." ಅವರೂ ನಕ್ಕರು. ಬ್ಯಾಗನ್ನು ಎತ್ತಿ ನನ್ನ ಕೈಗೆ ಕೊಟ್ಟರು. ತುಟಿ ಬಣ್ಣ ಕೆಟ್ಟಿತ್ತು, ಅದು ಈಗ ನೆನಪಿಗೆ ಬರುತ್ತೆ, ಆಗ ಕಂಡಿರಲಿಲ್ಲ. ಗಾಡಿ ತರ್ತೀನಿ ಇರಿ ಅಂದರೆ, "ನೀನು ಓಗು. ಇಲ್ಲೇ ನಮ್ಮ ನೆಂಟ್ರ ಮನೆ ಐತೆ, ಮಾತಾಡಿಸ್ಕೊಂಡು ಬರ್ತೀನಿ" ಅಂದರು. ನಾನು ಹೊರಟೆ. ಪದಕ ಶರ್ಟಿನ ಮೇಲೇ ಇತ್ತು, ಮನೆವರೆಗೂ ತೆಗೆಯಲಿಲ್ಲ.

ಸೋಮವಾರ ಅವರು ಕೆಲಸಕ್ಕೆ ಬರಲಿಲ್ಲ. ಕಣ್ಣಿನ ಆಪರೇಷನ್ನು, ಇಪ್ಪತ್ತು ದಿನ ರಜಾ ಅಂತ ಆಫೀಸಿನವರು ಹೇಳಿದರು. ಕ್ಯಾಂಟೀನಿನಲ್ಲಿ ನನ್ನ ಓಟದ ಬಗ್ಗೆ ಕೇಳಿದವರಿಗೆಲ್ಲ ನಾನು ಟೈಮ್ ಸಾರ್ ಕಥೆಯನ್ನೂ ಸೇರಿಸಿ ಹೇಳಿದೆ. ಅವರು ಕರ್ಚೀಫು ಎಳೆದು ಹಣೆ ಒರೆಸಿಕೊಂಡಿದ್ದನ್ನು ಮಾಡಿ ತೋರಿಸಿದೆ. ಚೆನ್ನಾಗೇ ಮಾಡಿರಬೇಕು, ಎರಡನೇ ಶಿಫ್ಟಿನವರೂ ಬಂದು ಇನ್ನೊಂದ್ಸಲ ಹೇಳು ಮಗಾ ಅಂದರು. ಜೀವನದಲ್ಲಿ ಮೊದಲ ಸಲ ನಾಲ್ಕು ಜನರ ಮುಂದೆ ನಿಂತು ನಡುಗದೆ ಮಾತಾಡಿದ್ದೆ, ಅದು ಈ ವಿಷಯಕ್ಕೆ.

ಅವರು ವಾಪಸ್ ಬಂದಾಗ ಇಳಿದುಹೋಗಿದ್ದರು. ಕನ್ನಡಕ ಹಳೆಯದೇ ಇತ್ತು, ಅದನ್ನೂ ಯಾರೂ ಕೇಳಲಿಲ್ಲ. ಹುಡುಗರು ಕಿಟಕಿಗೆ ಬಗ್ಗಿ, "ಸಾರ್, ಗುಂಡು ಹೊಡೀತಿದಾರೆ, ಬೇಗ ಬನ್ನಿ" ಅನ್ನೋರು. ಅವರು ನಕ್ಕು ಬಿಲ್ಲೆ ಕೊಡೋರು. ನಾನೂ ಒಂದು ದಿನ ಸಾಲಿನ ಹಿಂದಿಂದ ಹಾಗೇ ಕೂಗಿದ್ದೀನಿ. ಮೇ ತಿಂಗಳಲ್ಲಿ ಹೊಸ ಬ್ಯಾಚು ಬಂತು, ಆದರೆ ಅವರು ಆ ಕಥೆ ಹೇಳಲಿಲ್ಲ. ಬೆಳಗಿನ ಓಟಕ್ಕೆ ಕರೆದರೆ, "ನೀನು ಓಗಪ್ಪ, ನಿಂಗೆ ಈಗ ಯಾರೂ ಬ್ಯಾಡ" ಅಂದರು. ಅದನ್ನು ಹೊಗಳಿಕೆ ಅಂತ ತಗೊಂಡೆ.

ಒಂದು ಭಾನುವಾರ ಮನೆಯಲ್ಲೇ ಹೋಗಿಬಿಟ್ಟರು. ಹಾರ್ಟು ಅಂದರು. ಶಾಮಿಯಾನದ ಕೆಳಗೆ ನಮ್ಮ ಹುಡುಗರು ಕೂತು, ಪ್ರೀತಿಯಿಂದಲೇ, ಅದೇ ತಮಾಷೆಯನ್ನು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು. ಅದು ಅವರ ಹೆಂಡತಿಯ ಕಿವಿಗೆ ಬಿದ್ದಿದೆ. ಹನ್ನೊಂದನೇ ದಿನದ ಕಾರ್ಯಕ್ಕೆ ಹೋದಾಗ ಆಯಮ್ಮ ನನ್ನನ್ನು ಅಡುಗೆಮನೆ ಹತ್ತಿರ ಕರೆದು ಕೇಳಿದರು.

"ಎದ್ರುಕೊಂಡು ಓಡ್ಲಿಲ್ಲ ಅಂತ ಎಲ್ಲಾರೂ ನಗ್ತಿದ್ರಂತೆ?"

ಹೌದಮ್ಮ ಅಂದೆ.

"ಎದ್ರಿಕೆ ಅಲ್ಲ ಕಣಪ್ಪ ಅದು. ಎದೆ ಇಡ್ಕೊಂಡಿತ್ತು. ಅಲ್ಲೇ ಡಾಕ್ಟ್ರ ಟೆಂಟಿಗೆ ಓಗವ್ರೆ. ಅವ್ರು ಇಸಿಜಿ ಪಟ್ಟಿ ತೆಗ್ದು, ಈಗಲೇ ಆಂಬುಲೆನ್ಸ್ ಅತ್ತಿ ಅಂದವ್ರೆ. ಇವ್ರು ಬರಲ್ಲ ಅಂತ ಸಹಿ ಆಕಿ ಈಚೆ ಬಂದು ಕುಂತವ್ರೆ. ಯಾರ್ದೋ ಬ್ಯಾಗು ನನ್ನ ಅತ್ರ ಐತೆ, ಅವ್ರ ಕೈಗೆ ಕೊಟ್ಟು ಬರ್ತೀನಿ ಅಂತ. ಎಂಟು ಗಂಟೆ ಮೇಲೆ ಅವ್ರೇ ವಾಪಸ್ ಟೆಂಟಿಗೆ ಓದ್ರಂತೆ. ಆಸ್ಪತ್ರೇಲಿ ಡಾಕ್ಟ್ರು ನನ್ನ ಬೈದ್ರು. ಎರಡು ಗಂಟೆ ಮುಂಚೆ ತಂದಿದ್ರೆ ಎದೆ ಇಷ್ಟು ಕೆಡ್ತಿರ್ಲಿಲ್ಲ, ಈಗ ಅರ್ಧ ಓಗೈತೆ ಅಂದ್ರು. ಯಾರ ಬ್ಯಾಗು ಅಂತ ನಾನು ಎಷ್ಟು ಕೇಳಿದ್ರೂ ಏಳ್ಲಿಲ್ಲ. ಟೈಮ್ ಆಫೀಸ್ ಇಚಾರ ಮನೇಲಿ ಯಾಕೆ ಅಂದ್ರು." ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ನೋಡಿದರು. "ಫ್ಯಾಕ್ಟ್ರಿಯೋರು ಏಳೆಂಟು ಜನ ಓಗಿದ್ರಂತಲ್ಲ. ಯಾರ್ದು ಅಂತ ನಿಮಗೇನಾದ್ರೂ ಗೊತ್ತಾ?"

"ಗೊತ್ತಿಲ್ಲಮ್ಮ" ಅಂದೆ.

"ಓಗ್ಲಿ ಬಿಡಿ. ಫ್ಯಾಕ್ಟ್ರೀಲಿ ಸಭೆ ಮಾಡ್ತಾರಂತೆ. ಅವ್ರು ಎದ್ರುಕೊಂಡು ಓಗ್ಲಿಲ್ಲ ಅಂತ ಒಂದ್ ಮಾತು ಏಳ್ಬಿಡಿ. ಸತ್ತೋರ್ನ ಪುಕ್ಲ ಅನ್ಬಾರ್ದು."

ಸಭೆಯಲ್ಲಿ ಮೈಕ್ ಕೈಗೆ ಬಂದಾಗ ಓಟದ ದಿನದ ಹೆದರಿಕೆಯೇ ಬಂತು. ಆಯಮ್ಮ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಟೈಮ್ ಸಾರ್ ಕಲಿಸಿದ್ದ ಹಾಗೇ ಹೆದರಿಕೆಯನ್ನು ತಡೆಯದೆ ಒಳಗೆ ಬಿಟ್ಟೆ. ಟೈಮ್ ಸಾರ್ ಆವತ್ತು ಹೆದರಿ ಹೋಗಲಿಲ್ಲ, ಎದೆನೋವು ಬಂದು ಡಾಕ್ಟರ ಹತ್ತಿರ ಹೋಗಿದ್ದರು, ಗೊತ್ತಿಲ್ಲದೆ ತಮಾಷೆ ಹಬ್ಬಿಸಿದವನು ನಾನು, ಕ್ಷಮಿಸಬೇಕು ಅಂದೆ. ಇನ್ನೊಂದೇ ಮಾತು ಬಾಕಿ ಇತ್ತು. ಅದನ್ನು ಹೇಳದೆ ಮೈಕ್ ಕೊಟ್ಟು ಕೂತೆ. ಆಯಮ್ಮ ದೂರದಿಂದಲೇ ಕೈ ಮುಗಿದರು. ಮ್ಯಾನೇಜರು ಬೆನ್ನು ತಟ್ಟಿ, ಇಷ್ಟು ಜನರ ಮುಂದೆ ತಪ್ಪು ಒಪ್ಪಿಕೊಳ್ಳೋಕೆ ಧೈರ್ಯ ಬೇಕು ಅಂದರು. ಅದನ್ನು ಕೇಳಿ ನನಗೆ ನನ್ನ ಮೇಲೇ ಅಸಹ್ಯವಾಯಿತು.

ಹದಿನೈದು ದಿನ ತಡೆದುಕೊಂಡೆ. ಆಮೇಲೆ ಒಂದು ಮಧ್ಯಾಹ್ನ ರಜಾ ಹಾಕಿ ಅವರ ಮನೆಗೆ ಹೋದೆ. ಆಯಮ್ಮ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಕೂತ್ಕೊಳ್ಳಿ ಅಂದರು. ಕೂತರೆ ಹೇಳೋಕಾಗಲ್ಲ ಅಂತ ನಿಂತೇ ಹೇಳಿದೆ. ಆ ಬ್ಯಾಗು ನನ್ನದು, ಆವತ್ತು ಗೊತ್ತಿಲ್ಲ ಅಂತ ಸುಳ್ಳು ಹೇಳಿದೆ, ಓಡಿ ಮುಗಿಸಿದ ಮೇಲೂ ಅರ್ಧ ಗಂಟೆ ಫೋಟೋ ಉಪ್ಪಿಟ್ಟು ಅಂತ ನಿಂತಿದ್ದೆ, ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಕೈಯಲ್ಲಿದ್ದ ಕಡ್ಡಿಯಿಂದ ಎಲೆ ಕೀಳುತ್ತಲೇ ಇದ್ದರು. ಇನ್ನೊಂದು ಕಡ್ಡಿ ಎತ್ತಿಕೊಂಡು ಕೇಳಿದರು.

"ಏನಿತ್ತು ಅದ್ರಲ್ಲಿ?"

"ಒಂದು ಟವೆಲ್ಲು, ಒಂದು ಬನೀನು, ಬಿಸ್ಕತ್ ಪ್ಯಾಕೆಟ್ಟು."

"ಗಾಡಿ ಕೀ?"

"ಅದು ನನ್ನ ಜೇಬಲ್ಲೇ ಇತ್ತಮ್ಮ."

ಅವರ ಕೈ ನಿಂತಿತು.

"ತೆಗ್ದು ನೋಡಿದ್ರೆ ಅಲ್ಲೇ ಬಿಟ್ಟು ಆಸ್ಪತ್ರೆಗೆ ಓಗಿರೋರು" ಅಂದರು. "ನೋಡಿರಲ್ಲ. ಬೇರೆಯೋರ ಚೀಲ ಅವ್ರು ಯಾವತ್ತೂ ಬಿಚ್ತಿರ್ಲಿಲ್ಲ."